ಸಾಲು ನಾನೇ ಹುಡುಕಿದೆ

ಅಮ್ಮಾ,

ನೀನು ಹೋಗಿ ವರ್ಷಗಳಾದವು, ಆದರೂ ನಿನಗೆ ಹೇಳದೆ ಇರಲಾರೆ. ಇವತ್ತು ಚರ್ಚಿನಲ್ಲಿ ಸತ್ಯವೇದದ ಪಾಠ ಓದಿದವಳು ನಾನು.

ನಿನ್ನ ಕಣ್ಣು ಮಂಜಾದಾಗ ನೀನು ಹಾಡುತ್ತಿದ್ದ ಗಾಯನ ತಂಡದವರು "ಹಿಂದಿನ ಬೆಂಚಲ್ಲಿ ಆರಾಮಾಗಿ ಕೂತ್ಕೊಳ್ಳಿ" ಅಂದಿದ್ದರಲ್ಲ, ಕಣ್ಣು ಕಾಣದ ನಾನು ಪಾಠ ಓದುತ್ತೇನೆ ಅಂದಾಗ ಪಾದ್ರಿಗಳೂ ಹಾಗೇ ಹೇಳಿದರು: "ನಿನಗ್ಯಾಕಮ್ಮಾ ತೊಂದ್ರೆ? ಕೂತು ಕೇಳಿದ್ರೆ ಸಾಕು."

"ಕೇಳಿ ಕೇಳಿ ಸಾಕಾಗಿದೆ ಅಯ್ಯನೋರೇ, ಇನ್ನು ಓದ್ತೀನಿ," ಅಂದೆ. ನಕ್ಕು ಒಪ್ಪಿದರು.

ಬ್ರೈಲ್ ಪುಸ್ತಕ ಎದೆಗವಚಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದೆ. ಓದುವ ನಡುವೆ ಬೆರಳಿಗೆ ಸಾಲು ತಪ್ಪಿತು. ಪಾದ್ರಿಗಳು ಮೆಲ್ಲಗೆ ಮುಂದಿನ ಮಾತು ಹೇಳಿಕೊಟ್ಟರು.

"ತಡೀರಿ, ನಾನೇ ಹುಡುಕ್ತೀನಿ," ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಎಲ್ಲರೂ ಕಾದರು. ಸಾಲು ಸಿಕ್ಕಿತು, ಕೊನೆಯವರೆಗೂ ಓದಿದೆ.

ಹೊರಗೆ ಬರುವಾಗ ನಮ್ಮ ಬೀದಿಯ ಬಟ್ಟೆ ಹೊಲಿಯುವ ಅತ್ತೆ ನನ್ನ ಕೈ ಹಿಡಿದರು. ಅವರಿಗೀಗ ಸೂಜಿಯೂ ಕಾಣುವುದಿಲ್ಲವಂತೆ. "ನಂಗೂ ಇದನ್ನ ಓದೋಕೆ ಕಲಿಸ್ತೀಯಾ? ಈ ವಯಸ್ಸಲ್ಲಿ ನನ್ನ ಬೆರಳು ಮಾತು ಕೇಳುತ್ತಾ?"

"ಕೇಳದೆ ಎಲ್ಲಿಗೆ ಹೋಗುತ್ತೆ? ಮುಂದಿನ ಭಾನುವಾರದಿಂದಲೇ ಶುರು ಮಾಡೋಣ."

ವರ್ಷ ತುಂಬುವುದರೊಳಗೆ ಅವರೂ ಆ ಮೆಟ್ಟಿಲು ಹತ್ತಬೇಕು, ಹತ್ತಿಸುತ್ತೇನೆ. ಮೊದಲ ಪಾಠಕ್ಕೆಂದು ಈಗಷ್ಟೇ ದಪ್ಪ ಕಾಗದದಲ್ಲಿ ಚುಕ್ಕೆ ಒತ್ತಿ ಅವರ ಹೆಸರು ಬರೆದೆ. ಆಮೇಲೆ ಕೈ ಸುಮ್ಮನಿರದೆ, ನಿನ್ನ ಹೆಸರನ್ನೂ ಬರೆದೆ.