ಆರನೇ ಪೆಟ್ಟಿಗೆ

ಅಪ್ಪಾ,

ನೀನು ತೀರಿಹೋದ ಮೇಲೂ ನಮ್ಮ ಹನ್ನೆರಡು ಎಕರೆ ಕೃಷಿಭೂಮಿಯೇ ಹೌದೋ ಅಲ್ಲವೋ ಎಂದು ನೋಡಲು ಇವತ್ತು ಕೌಂಟಿ ತೆರಿಗೆ ಕಚೇರಿಯ ಲಿಯೋನಾ ಜುರೆಕ್ ಬಂದಿದ್ದರು. ಇಲ್ಲಿ ಜೇನುಸಾಕಣೆಯೂ ಕೃಷಿಯೇ, ಆದರೆ ಆರು ಪೆಟ್ಟಿಗೆಗಳಲ್ಲೂ ಜೇನುಹುಳುಗಳಿರಬೇಕು. ಇಲ್ಲದಿದ್ದರೆ ನಿವೇಶನದ ದರದಲ್ಲಿ ತೆರಿಗೆ ಬೀಳುತ್ತದೆ, ಭೂಮಿ ಮಾರಲೇಬೇಕು. ನೀನು ಬಿಟ್ಟುಹೋದವುಗಳಲ್ಲಿ ಆರನೆಯದು ಖಾಲಿಯಿತ್ತು. ಅದಕ್ಕೂ ಬಿಳಿ ಬಣ್ಣ ಬಳಿದು ಸಾಲಿನಲ್ಲಿ ನಿಲ್ಲಿಸಿದ್ದೆ.

"ಬಣ್ಣಕ್ಕೆಲ್ಲ ರಿಯಾಯಿತಿ ಕೊಡಲ್ಲ ಕಣಮ್ಮಾ," ಎಂದು ನಕ್ಕು ಆ ಪೆಟ್ಟಿಗೆಗೆ ಕಿವಿಯಿಟ್ಟರು. ಆಮೇಲೆ ಮೆಲ್ಲಗೆ, "ಬಾ ಇಲ್ಲಿ, ನೀನೂ ಕೇಳು," ಎಂದರು.

ಎಲ್ಲಿಂದಲೋ ಜೇನುಹುಳುಗಳ ಒಂದು ಹಿಂಡು ತಾನಾಗಿ ಬಂದು ಸೇರಿತ್ತು. ಹಲಗೆಯೇ ಉಸಿರಾಡುತ್ತಿತ್ತು, ಆ ಮೊರೆತ ನನ್ನ ಹಲ್ಲಿನವರೆಗೂ ಇಳಿಯಿತು.

ಪ್ರತಿ ವಸಂತದಲ್ಲೂ ನೀನು ಡಲ್ಲಾಸ್‌ನಲ್ಲಿದ್ದ ನನಗೆ ಫೋನ್ ಮಾಡಿ, "ಒಂದ್ಸಲ ಬಂದು ಕಿವಿಯಿಟ್ಟು ಕೇಳೇ," ಎನ್ನುತ್ತಿದ್ದೆ. ನಾನು ಒಮ್ಮೆಯೂ ಬರಲಿಲ್ಲ.

ಲಿಯೋನಾ ಸಹಿ ಹಾಕಿ ಹೊರಟುಹೋದ ಮೇಲೂ ನಾನು ಕಿವಿ ತೆಗೆಯಲಿಲ್ಲ.