ನಾಲ್ಕನೇ ಗೂಡಿನ ಮೊಟ್ಟೆ

ಮಾನ್ಯ ಅಧ್ಯಕ್ಷರೇ, ನೆರೆದಿರುವ ಪಕ್ಷಿಶಾಸ್ತ್ರ ಪಂಡಿತರೇ, ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುವ ಮಹನೀಯರೇ,

ಗಾಬರಿಯಾಗಬೇಡಿ ಮೇಡಂ. ನಾಳೆ ನೀವು ಸಮ್ಮೇಳನದಲ್ಲಿ ಮಾಡುವ ಭಾಷಣವನ್ನು ಗೂಡು ತೊಳೆಯುವ ನಾನು ಈ ಪತ್ರದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ನಿಜವಾದ ಮೊಟ್ಟೆಯನ್ನು ಕಾವುಪೆಟ್ಟಿಗೆಗೆ ಸೇರಿಸಿ, ಗೂಡಿನಲ್ಲಿ ಪ್ಲಾಸ್ಟರಿನದನ್ನು ಇಟ್ಟರೆ ಪಾರಿವಾಳ ಎಷ್ಟು ದಿನ ಕೂರುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾಲ್ಕನೇ ಗೂಡಿನ ಹೆಣ್ಣು ಆಟ ಬಿಟ್ಟು, ಓಡಾಟ ಬಿಟ್ಟು, ರೆಕ್ಕೆಯಡಿ ಅದನ್ನೇ ಇಟ್ಟು ಕೂತಿತು. ಗಂಡಿಗೆ ಮಧ್ಯಾಹ್ನದ ಪಾಳಿ ಮಾತ್ರ; ನಮ್ಮನೆಯ ಹಾಗೆಯೇ.

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಸುಳ್ಳು ಮೊಟ್ಟೆ ಕೊಟ್ಟು ಕೂರಿಸಿದ್ದೀರಲ್ಲ, ನಿಮಗೆ ಕರುಳು ಅನ್ನೋದು ಇದ್ಯೇನ್ರೀ?" ಎಂದಳು ನನ್ನವಳು.

"ನಮ್ಮ ಮೇಡಂನ ಕೇಳು."

"ಮೊಟ್ಟೆ ಮೇಡಂ ಇಟ್ರಾ, ನೀವು ಇಟ್ರಾ?"

ನಾನು ತಟ್ಟೆ ತೊಳೆಯಲು ಎದ್ದೆ.

ದಾಖಲೆ ಪುಸ್ತಕದಲ್ಲಿ ದಿನವೂ 'ಕೂತಿದೆ' ಎಂದೇ ಬರೆದಿದ್ದೇನೆ. ಅದು ಸುಳ್ಳಲ್ಲ. ಆದರೂ ನಾಳೆ ದಯವಿಟ್ಟು ನಾಲ್ಕನೇ ಗೂಡಿನ ಮಾತೆತ್ತಬೇಡಿ. ಇನ್ನೊಂದು ಬಿನ್ನಹ: ವಾಪಸ್ ಬಂದಮೇಲೆ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ, ಬೇಕಿದ್ದರೆ ನನ್ನನ್ನು ಈ ಕೆಲಸದಿಂದ ಬೇರೆ ಮಾಡಿ.

ಯಾವ ಮರಿ ಅಂತೀರಾ? ಹತ್ತನೇ ದಿನ ನಾನೇ ಕಾವುಪೆಟ್ಟಿಗೆಯಿಂದ ಅದರದೇ ಮೊಟ್ಟೆ ತಂದು ಅದರಡಿಗೆ ಇಟ್ಟೆ ಮೇಡಂ. ಇವತ್ತು ಬೆಳಿಗ್ಗೆ ಒಡೆಯಿತು. ಪ್ಲಾಸ್ಟರಿನದು ನನ್ನ ಜೇಬಿನಲ್ಲಿದೆ.

ಇತಿ,
ನಿಮ್ಮ ಗೂಡು ತೊಳೆಯುವವನು