ಕಣ್ಣು ಮುಚ್ಚಿ ಒಂದು ಸ್ನಾನ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರುವ ನರ್ಸಮ್ಮನಿಗೆ ಕಾಲಿಗೆ ವಿಶ್ರಾಂತಿ ಕೊಡು ಎಂದರೆ ಬೈಸಿಕೊಳ್ಳಬೇಕಾಗುತ್ತದೆ, ಗೊತ್ತು. ಆದರೂ ಹೇಳುತ್ತೇನೆ.

ಲಿಫ್ಟ್ ಬಿದ್ದು ನಮ್ಮ ಮೇಸ್ತ್ರಿ ಹೋದ ಮೇಲೆ ನಾನು ಹೇಗಿದ್ದೆನೆಂದು ನಿನಗೆ ಪೂರ್ತಿ ಬರೆದಿರಲಿಲ್ಲ. ಅವರು ಲಿಫ್ಟಿನೊಳಗೆ ರಿಪೇರಿ ಮಾಡುತ್ತಿದ್ದರು, ಅವರ ಕೈಕೆಳಗಿನ ಸಹಾಯಕ ನಾನು ಮೇಲಿನ ಮಹಡಿಯಿಂದ ಬಗ್ಗಿ ಟಾರ್ಚ್ ಹಿಡಿದಿದ್ದೆ. ಉಕ್ಕಿನ ಹಗ್ಗ ಹರಿದ ಆ ಸದ್ದು, ಕಣ್ಣು ಮುಚ್ಚಿದರೆ ಸಾಕು, ಕಿವಿಗೆ ಬಡಿಯುತ್ತದೆ. ಸೋಪು ಹಚ್ಚಿದರೆ ಕಣ್ಣು ಮುಚ್ಚಲೇಬೇಕಲ್ಲ, ಅದಕ್ಕೇ ತಲೆಗೆ ನೀರು ಹಾಕುವುದನ್ನೇ ಬಿಟ್ಟೆ. ಗಡ್ಡ ಕಾಡಾಯಿತು. ಮನಸ್ಸಿನ ಡಾಕ್ಟರು, "ದಿನಾ ನಿಮ್ಮ ಮೈಗೋಸ್ಕರ ಏನಾದ್ರೂ ಒಂದು ಮಾಡಿ" ಎಂದರು. "ಕೆರ್ಕೊಂಡ್ರೆ ಸಾಕಾ?" ಎಂದೆ. ಅವರು ನಗಲಿಲ್ಲ. ಅಕ್ಕಾ, ಜೊತೆಗಿದ್ದವರು ಮಣ್ಣಾದ ಮೇಲೆ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವುದು ಕದ್ದು ತಿಂದಂತೆ ಅನಿಸುತ್ತಿತ್ತು.

ಕಳೆದ ವಾರ ಮೇಸ್ತ್ರಿಯ ಹೆಂಡತಿ ಬಂದರು. ಒಳಗೆ ಅಡಗಲು ಹೊರಟವನನ್ನು ತಡೆದು, "ನೀವು ಹೀಗೆ ಕೊಳೀತಾ ಕೂತ್ರೆ ಅವ್ರು ಎದ್ದು ಬರ್ತಾರಾ? ಅವ್ರ ಕೊನೇ ಮಾತು ಕೇಳಿದ್ದು ನೀವೊಬ್ರೇ. ಅದನ್ನ ನಂಗೆ ಹೇಳೋಕಾದ್ರೂ ಮನುಷ್ಯ ಆಗಿ" ಎಂದರು. "ಹೊಟ್ಟೆ ಹಸೀತಿದೆ, ಬೇಗ ಮುಗ್ಸೋಣ" ಅಂತ ಮೇಸ್ತ್ರಿ ಅಂದಿದ್ದರು, ಅಷ್ಟೇ. ಹೇಳಿದೆ. ಇಬ್ಬರೂ ಅತ್ತೆವು.

ಆ ಸಂಜೆ ಬಚ್ಚಲ ಬಾಗಿಲು ಅರ್ಧ ತೆರೆದಿಟ್ಟು ತಲೆಗೆ ನೀರು ಹಾಕಿಕೊಂಡೆ. ನನ್ನ ಹೆಂಡತಿ ಹೊರಗೆ ಮಣೆ ಹಾಕಿಕೊಂಡು ಕೂತು ಪಕ್ಕದ ಮನೆಯ ಜಗಳವನ್ನೆಲ್ಲ ಒದರುತ್ತಿದ್ದಳು, ನನ್ನ ಕಿವಿಗೆ ಬೇರೇನೂ ಬೀಳದಿರಲಿ ಎಂದು. ನಾನು ಸೋಪು ಹಚ್ಚಿ ಕಣ್ಣು ಮುಚ್ಚಿದೆ. ಈಗ ದಿನವೂ ಹಾಗೇ. ಜಗಳ ಮುಗಿದಿದ್ದರೆ ಅವಳೇ ಹುಟ್ಟಿಸಿ ಹೇಳುತ್ತಾಳೆ.

ವಾಸಿಯಾಯಿತು ಎಂದುಕೊಳ್ಳಬೇಡ. ನಿನ್ನೆ ಪೇಟೆಯಲ್ಲಿ ಯಾವುದೋ ಅಂಗಡಿಯ ಷಟರ್ ದಡಾರನೆ ಬಿತ್ತು. ನಾನು ರಸ್ತೆಯಲ್ಲೇ ಕುಸಿದು ಕೂತೆ, ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡೆ. ಜನ ನೋಡಿದರು. ಆದರೂ ಮನೆಗೆ ಬಂದು ಬಟ್ಟೆ ಬದಲಿಸಿ, ಎರಡು ತುತ್ತು ತಿಂದು ಮಲಗಿದೆ. ಮೊದಲಾಗಿದ್ದರೆ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ.

ಭಾವನಿಗೆ ನಮಸ್ಕಾರ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಈಗ ತಲೆ ಚೊಕ್ಕಟವಾಗಿದೆ.

ನಿನ್ನ ತಮ್ಮ,
ಗುಬ್ಬಿ

ತಾ.ಕ.: ನೀನು ಬರುತ್ತೇನೆಂದಾಗಲೆಲ್ಲ ಬೇಡವೆಂದೆ. ಇವತ್ತು ಬೆಳಿಗ್ಗೆ ಇವಳು ಅಡುಗೆಮನೆಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದಳು. ಅವಳೊಬ್ಬಳ ಕೈಲಿ ಆಗುತ್ತಿಲ್ಲ ಅಕ್ಕಾ. ರಜೆ ಹಾಕಿ ಬಾ.